ಆಹಾರ ಬಿಟ್ಟ ಬಿಯರ್ಡೆಡ್ ಡ್ರ್ಯಾಗನ್: ಕಾರಣ ಹುಡುಕುವ ಕ್ರಮ, ವೈದ್ಯರೊಂದಿಗೆ ಕೆಲಸ ಮಾಡುವ ಬಗೆ

ವಿಜಯಪುರ, ಬಾಗಲಕೋಟೆ, ಬೆಳಗಾವಿ ಜಿಲ್ಲೆಗಳಲ್ಲಿ ಬಿಯರ್ಡೆಡ್ ಡ್ರ್ಯಾಗನ್ ಸಾಕಿರುವವರ ದೂರು ಹೆಚ್ಚಾಗಿ ಒಂದೇ ರೀತಿಯದು: ತಿನ್ನುತ್ತಿಲ್ಲ, ಒಂದೇ ಮೂಲೆಯಲ್ಲಿ ಮಲಗಿರುತ್ತದೆ, ಕಣ್ಣು ತೆರೆಯುವುದಿಲ್ಲ. ಇದು ಯಾವುದೇ ಒಂದು ರೋಗದ ಹೆಸರಲ್ಲ. ಬೇರೆ ಬೇರೆ ಹತ್ತಾರು ಕಾರಣಗಳು ಹೊರಗೆ ಹೀಗೇ ಕಾಣಿಸುತ್ತವೆ. ಮಧ್ಯ ಆಸ್ಟ್ರೇಲಿಯಾದ ಒಣ ಬಯಲಿನ ಈ ಪ್ರಾಣಿ, ನಮ್ಮ ಬೇಲಿಯ ಓತಿಕ್ಯಾತನ ಕುಟುಂಬಕ್ಕೇ ಸೇರಿದ್ದು. ದೇಹದ ಶಾಖವನ್ನು ತಾನೇ ಉತ್ಪಾದಿಸದೆ ಸುತ್ತಲಿನಿಂದ ಪಡೆಯುತ್ತದೆ. ತಿಂದದ್ದು ಅರಗುವುದು, ರೋಗಾಣುಗಳನ್ನು ಎದುರಿಸುವ ಶಕ್ತಿ, ಕೊನೆಗೆ ವೈದ್ಯರು ಕೊಟ್ಟ ಔಷಧ ದೇಹದಲ್ಲಿ ಕೆಲಸ ಮಾಡುವ ವೇಗ, ಇವೆಲ್ಲವೂ ಆ ಶಾಖವನ್ನೇ ಅವಲಂಬಿಸಿವೆ. ಆದ್ದರಿಂದ ಅದನ್ನು ಸಾಕುವ ಗಾಜಿನ ಪೆಟ್ಟಿಗೆಯಲ್ಲಿರುವ ದೋಷ ಪ್ರಾಣಿಯಲ್ಲಿರುವ ರೋಗದಂತೆ ತೋರುತ್ತದೆ. ಪೆಟ್ಟಿಗೆಯನ್ನು ಅಳೆಯದೆ ಔಷಧ ಆರಂಭಿಸಿದರೆ, ನಿಜವಾದ ರೋಗವಿದ್ದಾಗಲೂ ಆ ಔಷಧ ಫಲ ಕೊಡುವುದಿಲ್ಲ.

ಕಾಯಬಾರದ ಸಂದರ್ಭಗಳು

ಈ ಕೆಳಗಿನ ಲಕ್ಷಣಗಳಲ್ಲಿ ಯಾವುದಾದರೂ ಕಂಡರೆ ಮನೆಯಲ್ಲಿ ಕಾರಣ ಹುಡುಕುತ್ತ ಕೂರದೆ ಅದೇ ದಿನ ಪಶುವೈದ್ಯರನ್ನು ಕಾಣಬೇಕು. ಪೆಟ್ಟಿಗೆಯ ಶಾಖದ ದೀಪದಿಂದ ದೂರವಿದ್ದಾಗಲೂ ಬಾಯಿ ತೆರೆದು ಉಸಿರಾಡುವುದು, ಬಾಯಲ್ಲಿ ಅಂಟು ದ್ರವ ಕಾಣುವುದು, ಕೈಕಾಲು ಅದುರುವುದು ಅಥವಾ ಸೆಟೆದುಕೊಳ್ಳುವುದು, ಹಿಂಗಾಲುಗಳನ್ನು ಎಳೆದುಕೊಂಡು ಹೋಗುವುದು, ಮಲದ್ವಾರದಿಂದ ಮಾಂಸದ ಭಾಗ ಹೊರಬಂದಿರುವುದು, ಹೊಟ್ಟೆ ಉಬ್ಬಿದ ಹೆಣ್ಣು ತಿಣುಕುತ್ತಿದ್ದರೂ ಮೊಟ್ಟೆ ಇಡದಿರುವುದು, ಎತ್ತಿಕೊಂಡಾಗ ಮೈ ಜೋಲುಬೀಳುವುದು. ಹೊರಬಂದ ಭಾಗ ಒಣಗದಂತೆ ಸಲೈನ್‌ನಲ್ಲಿ ನೆನೆಸಿದ ಶುಭ್ರ ಬಟ್ಟೆಯನ್ನು ಅದರ ಮೇಲೆ ಹಾಕಿಕೊಂಡು ಹೋಗಬೇಕು; ಅದನ್ನು ಒಳಗೆ ತಳ್ಳುವ ಪ್ರಯತ್ನ ಮಾಡಬಾರದು. ದೀಪದ ಕೆಳಗೆ ಮೈ ಕಾಯಿಸಿಕೊಳ್ಳುತ್ತಿರುವಾಗ ಬಾಯಿ ತೆರೆಯುವುದು ಮಾತ್ರ ಸಹಜ: ಹೆಚ್ಚಾದ ಶಾಖವನ್ನು ಅದು ಹಾಗೆ ಹೊರಹಾಕುತ್ತದೆ.

ಪೆಟ್ಟಿಗೆಯ ಶಾಖ

ಬೆಳೆದ ಪ್ರಾಣಿಗೆ ಮೈ ಕಾಯಿಸುವ ಜಾಗದ ಮೇಲ್ಮೈ 38ರಿಂದ 42 ಡಿಗ್ರಿ ಸೆಲ್ಸಿಯಸ್, ಎದುರಿನ ತಂಪು ತುದಿ 24ರಿಂದ 29 ಡಿಗ್ರಿ, ಮತ್ತು ಗಾಳಿಯ ತೇವ ಸುಮಾರು 30ರಿಂದ 40 ಶೇಕಡಾ ಇರಬೇಕು. ಗಾಜಿಗೆ ಅಂಟಿಸುವ ಮುಳ್ಳಿನ ಥರ್ಮಾಮೀಟರ್ ತಾನು ಅಂಟಿರುವ ಗಾಜಿನ ಶಾಖವನ್ನು ತೋರಿಸುತ್ತದೆಯೇ ಹೊರತು ಪ್ರಾಣಿ ಕೂರುವ ಕಲ್ಲಿನ ಶಾಖವನ್ನಲ್ಲ. ಕಲ್ಲಿನ ಮೇಲ್ಮೈಗೆ ಇನ್‌ಫ್ರಾರೆಡ್ ಥರ್ಮಾಮೀಟರ್ ಗನ್, ಗಾಳಿಗೆ ವಯರಿನ ತುದಿಯಲ್ಲಿ ಸಂವೇದಕವಿರುವ ಡಿಜಿಟಲ್ ಥರ್ಮಾಮೀಟರ್ ಬಳಸಬೇಕು. ಬೆಳಗ್ಗೆ ದೀಪ ಹಚ್ಚುವ ಮುನ್ನ, ಮಧ್ಯಾಹ್ನ ಎರಡರ ಸುಮಾರಿಗೆ, ರಾತ್ರಿ ದೀಪ ಆರಿಸಿ ಕೆಲ ಗಂಟೆಗಳಾದ ಮೇಲೆ, ಹೀಗೆ ದಿನಕ್ಕೆ ಮೂರು ಸಲ ಅಳೆದು ಬರೆದಿಡಿ. ನಮ್ಮ ಭಾಗದಲ್ಲಿ ಒಂದೇ ಅಳತೆಯನ್ನು ನಂಬುವಂತಿಲ್ಲ.

ಏಕೆಂದರೆ ಇಲ್ಲಿ ಒಂದೇ ದೂರಿಗೆ ತಿಂಗಳಿಗೆ ತಕ್ಕಂತೆ ವಿರುದ್ಧ ಕಾರಣಗಳಿರುತ್ತವೆ. ಏಪ್ರಿಲ್‌, ಮೇ ತಿಂಗಳುಗಳಲ್ಲಿ ವಿಜಯಪುರ, ಬಾಗಲಕೋಟೆಗಳ ಹೊರಗಿನ ಉಷ್ಣಾಂಶ 40 ಡಿಗ್ರಿ ದಾಟುತ್ತದೆ. ತಗಡಿನ ಮಾಡಿನ ಕೆಳಗೆ, ಅಥವಾ ಬಿಸಿಲು ಕುಡಿದ ಆರ್‌ಸಿಸಿ ಸ್ಲ್ಯಾಬಿನ ಮೇಲಂತಸ್ತಿನಲ್ಲಿ ಪೆಟ್ಟಿಗೆ ಇಟ್ಟಿದ್ದರೆ ತಂಪು ತುದಿಯೂ 35 ಡಿಗ್ರಿ ಮೀರಿ, ಪ್ರಾಣಿಗೆ ತಂಪಾಗಲು ಎಲ್ಲಿಯೂ ಜಾಗ ಸಿಗುವುದಿಲ್ಲ. ಆಗ ಅದು ಮೊದಲು ಗಾಜನ್ನು ಕೆರೆಯುತ್ತದೆ, ಎಲ್ಲಿ ಕೂತರೂ ಬಾಯಿ ತೆರೆದಿರುತ್ತದೆ, ಬಳಿಕ ಸುಸ್ತಾಗಿ ಬೀಳುತ್ತದೆ. ಶಾಖದ ದೀಪವನ್ನು ತಕ್ಷಣ ಆರಿಸಿ, ಪ್ರಾಣಿಯನ್ನು ನೆಲಮಹಡಿಯ ತಂಪು ಕೋಣೆಗೆ ಒಯ್ದು, ಆಳವಿಲ್ಲದ ಸಾಧಾರಣ ನೀರಿನಲ್ಲಿ ನಿಲ್ಲಿಸಿ. ಮಂಜುಗಡ್ಡೆ ಅಥವಾ ಫ್ರಿಜ್ಜಿನ ನೀರು ಸಲ್ಲದು. ಕಡುಬೇಸಿಗೆಯಲ್ಲಿ ಶಾಖದ ದೀಪ ಬೆಳಗಿನ ಹೊತ್ತು ಮಾತ್ರ ಸಾಕಾಗಬಹುದು. ಯುವಿಬಿ ದೀಪವನ್ನು (ಬಿಸಿಲಿನಲ್ಲಿರುವ, ಕಣ್ಣಿಗೆ ಕಾಣದ ನೇರಳಾತೀತ ಕಿರಣ ಕೊಡುವ ದೀಪ) ಮಾತ್ರ ಎಂದಿನಂತೆ ಉರಿಸಬೇಕು.

ಡಿಸೆಂಬರ್‌, ಜನವರಿಯಲ್ಲಿ ಇದೇ ಪೆಟ್ಟಿಗೆ ರಾತ್ರಿ ಅತಿಯಾಗಿ ತಣ್ಣಗಾಗುತ್ತದೆ. ರಾತ್ರಿ 18 ಡಿಗ್ರಿಗಿಂತ ಕೆಳಗಿಳಿದರೆ ಬೆಳಕು ಕೊಡದ ಸೆರಾಮಿಕ್ ಹೀಟರನ್ನು ಥರ್ಮೋಸ್ಟಾಟ್ (ಶಾಖವನ್ನು ಮಿತಿಯಲ್ಲಿಡುವ ಸಾಧನ) ಜೋಡಿಸಿ ಬಳಸಬಹುದು. ಹೊಟ್ಟೆಯ ಕೆಳಗೆ ಬಿಸಿಯಾಗುವ ಕೃತಕ ಕಲ್ಲುಗಳನ್ನು ನಾನು ಯಾರಿಗೂ ಸೂಚಿಸುವುದಿಲ್ಲ; ಹೊಟ್ಟೆ ಸುಡುತ್ತಿರುವುದು ಪ್ರಾಣಿಗೆ ಹೊತ್ತಿಗೆ ಸರಿಯಾಗಿ ತಿಳಿಯದೆ ಚರ್ಮ ಬೆಂದುಹೋಗುತ್ತದೆ. ಸಂಜೆ ವೋಲ್ಟೇಜ್ ಇಳಿದಾಗ ಶಾಖದ ದೀಪ ಉರಿಯುತ್ತಿರುವಂತೆ ಕಂಡರೂ ಕೆಳಗಿನ ಕಲ್ಲು ಹಲವು ಡಿಗ್ರಿ ತಣ್ಣಗಿರುತ್ತದೆ, ಇದನ್ನು ಅಳತೆಯಿಂದ ಮಾತ್ರ ಹಿಡಿಯಬಹುದು. ಬಹಳ ಹೊತ್ತು ಕರೆಂಟ್ ಬರುವ ಲಕ್ಷಣವಿಲ್ಲದಿದ್ದರೆ ಗಾಳಿಗೆ ಜಾಗ ಬಿಟ್ಟು ಪೆಟ್ಟಿಗೆಯ ಮೂರು ಬದಿಗೆ ಕಂಬಳಿ ಹೊದಿಸಿ, ಶಾಖ ಮರಳುವ ತನಕ ತಿನ್ನಲು ಹುಳು ಹಾಕುವುದನ್ನು ನಿಲ್ಲಿಸಿ. ತಣ್ಣಗಿನ ಹೊಟ್ಟೆಯಲ್ಲಿ ಹುಳು ಅರಗದೆ ಕೊಳೆಯುತ್ತದೆ.

ಬೆಳಗಾವಿಯ ಕಷ್ಟ ಬೇರೆ. ಸುಮಾರು 750 ಮೀಟರ್ ಎತ್ತರದಲ್ಲಿ, ಪಶ್ಚಿಮಘಟ್ಟದ ಮಗ್ಗುಲಲ್ಲಿರುವ ಆ ಊರಿನಲ್ಲಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಬಿಸಿಲಿಲ್ಲದ ಒದ್ದೆ ದಿನಗಳು ಸಾಲಾಗಿ ಬರುತ್ತವೆ. ತಂಪು ಮತ್ತು ತೇವ ಒಟ್ಟಿಗೆ ಸೇರಿದಾಗ ಉಸಿರಾಟದ ಸೋಂಕಿಗೂ ಚರ್ಮದ ಶಿಲೀಂಧ್ರಕ್ಕೂ ದಾರಿಯಾಗುತ್ತದೆ. ಅಲ್ಲಿನವರು ಮಳೆಗಾಲದಲ್ಲಿ ತೆಂಗಿನ ನಾರಿನ ಹಾಸು ತೆಗೆದು ಕಾಗದ ಹಾಸುವುದು, ನೀರಿನ ಬಟ್ಟಲನ್ನು ಬಿಸಿ ತುದಿಯಿಂದ ದೂರವಿಡುವುದು, ಜಾಲರಿಯ ಮುಚ್ಚಳವನ್ನು ಬಟ್ಟೆಯಿಂದ ಪೂರ್ತಿ ಮುಚ್ಚದಿರುವುದು ಒಳಿತು.

ಕಣ್ಣಿಗೆ ಕಾಣದ ಬೆಳಕು

ಯುವಿಬಿ ದೀಪ ಬೆಳಗುತ್ತಿದೆ ಎಂದ ಮಾತ್ರಕ್ಕೆ ಅದರಿಂದ ಯುವಿಬಿ ಬರುತ್ತಿದೆ ಎಂದಲ್ಲ. ಕಣ್ಣಿಗೆ ಕಾಣುವ ಬೆಳಕು ಹಾಗೇ ಇದ್ದು, ಉಪಯೋಗದ ಕಿರಣ ತಿಂಗಳು ತಿಂಗಳಿಗೂ ಕುಗ್ಗುತ್ತದೆ. 10ರಿಂದ 12 ಶೇಕಡಾ ಸಾಮರ್ಥ್ಯದ ಉದ್ದನೆಯ ಟಿ5 (ತೆಳು ಟ್ಯೂಬ್‌ಲೈಟ್ ಬಗೆಯ) ಯುವಿಬಿ ಟ್ಯೂಬನ್ನು ಪ್ರಾಣಿಯ ಬೆನ್ನಿನಿಂದ ತಯಾರಕರು ಹೇಳಿದ ಅಂತರದಲ್ಲಿ ಕಟ್ಟಿ, ಹೆಚ್ಚೆಂದರೆ ವರ್ಷಕ್ಕೊಮ್ಮೆ ಬದಲಿಸಬೇಕು. ಹಚ್ಚಿದ ದಿನಾಂಕವನ್ನು ಟ್ಯೂಬಿನ ತುದಿಯಲ್ಲೇ ಬರೆಯಿರಿ. ನಡುವೆ ಜಾಲರಿಯಿದ್ದರೆ ಕಿರಣದ ಗಣನೀಯ ಪಾಲು ಅಲ್ಲೇ ತಡೆಯುತ್ತದೆ, ಗಾಜು ಬಹುತೇಕ ಎಲ್ಲವನ್ನೂ ತಡೆಯುತ್ತದೆ. ಕಿಟಕಿಯ ಗಾಜಿನ ಹಿಂದಿನ ಬಿಸಿಲು ಈ ಕಾರಣಕ್ಕೆ ನಿಷ್ಪ್ರಯೋಜಕ.

ನಮ್ಮಲ್ಲಿ ಪುಕ್ಕಟೆಯಾಗಿ ಸಿಗುವ ನೇರ ಬಿಸಿಲಿಗಿಂತ ಉತ್ತಮ ಯುವಿಬಿ ದೀಪವಿಲ್ಲ. ಅರ್ಧ ನೆರಳಿರುವ ತಂತಿ ಪಂಜರದಲ್ಲಿ ಬೆಳಗಿನ ಬಿಸಿಲಿಗೆ ಇಪ್ಪತ್ತು ನಿಮಿಷ ಬಿಡುವುದು ವಿಜಯಪುರ, ಬಾಗಲಕೋಟೆಯಂತಹ ಊರುಗಳಲ್ಲಿ ವರ್ಷದ ಹೆಚ್ಚಿನ ದಿನ ಸಾಧ್ಯ. ಆದರೆ ಗಾಜಿನ ಪೆಟ್ಟಿಗೆಯನ್ನೇ ಬಿಸಿಲಿಗೆ ಇಟ್ಟರೆ ಕೆಲವೇ ನಿಮಿಷಗಳಲ್ಲಿ ಪ್ರಾಣಿ ಸಾಯಬಹುದು. ಕಾಗೆ, ಹದ್ದು, ಬೆಕ್ಕುಗಳಿರುವಲ್ಲಿ ಒಬ್ಬರು ಪಕ್ಕದಲ್ಲೇ ಕೂತಿರಬೇಕು.

ಆಹಾರ, ಮಲ, ತೂಕ

ಮರಿಗಳಿಗೆ ಹುಳುವೇ ಮುಖ್ಯ ಆಹಾರ. ಬೆಳೆದವುಗಳಿಗೆ ಆಹಾರದ ಮುಕ್ಕಾಲು ಪಾಲು ಸೊಪ್ಪು ಇರಬೇಕು. ಹಸುಗಳಿಗೆ ಬೆಳೆಯುವ ಕುದುರೆ ಮೆಂತೆ, ಹಿಪ್ಪುನೇರಳೆ ಎಲೆ, ದಾಸವಾಳದ ಎಲೆ ಮತ್ತು ಹೂವು, ನುಗ್ಗೆ ಸೊಪ್ಪು, ಮುಳ್ಳು ತೆಗೆದ ಪಾಪಾಸುಕಳ್ಳಿಯ ಎಳೆಯ ಹಲಗೆ, ತುರಿದ ಕುಂಬಳಕಾಯಿ ಇವೆಲ್ಲ ನಮ್ಮಲ್ಲೇ ಸಿಗುತ್ತವೆ. ಪಾಲಕ್, ರಾಜಗಿರಿಗಳಲ್ಲಿರುವ ಆಕ್ಸಲೇಟ್ ಕ್ಯಾಲ್ಸಿಯಂ ಅನ್ನು ಕಟ್ಟಿಹಾಕುವುದರಿಂದ ಅವುಗಳನ್ನು ನಿತ್ಯದ ಆಹಾರವಾಗಿಸಬಾರದು. ಬೆಣ್ಣೆಹಣ್ಣು ವಿಷ. ಅಮೆರಿಕದ ಮಿಂಚುಹುಳು ತಿಂದು ಬಿಯರ್ಡೆಡ್ ಡ್ರ್ಯಾಗನ್‌ಗಳು ಸತ್ತ ಪ್ರಕರಣಗಳು ದಾಖಲಾಗಿವೆ. ಇಲ್ಲಿನ ಮಿಂಚುಹುಳುಗಳನ್ನೂ ದೂರವಿಡಿ. ಹೊಲದಿಂದ ಹಿಡಿದು ತಂದ ಮಿಡತೆಯನ್ನು ಕೊಡಲೇಬಾರದು ಎಂಬುದು ನನ್ನ ದೃಢವಾದ ಅಭಿಪ್ರಾಯ, ಏಕೆಂದರೆ ದ್ರಾಕ್ಷಿ, ಕಬ್ಬು, ಹತ್ತಿ ಬೆಳೆಯುವ ಈ ಜಿಲ್ಲೆಗಳಲ್ಲಿ ಯಾವ ಹೊಲಕ್ಕೆ ಯಾವಾಗ ಔಷಧಿ ಹೊಡೆದಿದ್ದಾರೆಂದು ಮಿಡತೆಯನ್ನು ನೋಡಿ ಹೇಳಲಾಗದು.

ಆಹಾರ ಬಿಟ್ಟಿದೆ ಎನ್ನುವ ಮಾತಿಗೆ ತೂಕದ ಆಧಾರ ಬೇಕು. ಗ್ರಾಂ ತೋರಿಸುವ ಡಿಜಿಟಲ್ ತಕ್ಕಡಿಯೊಂದನ್ನು ಇದಕ್ಕೆಂದೇ ಇಟ್ಟುಕೊಂಡು ವಾರಕ್ಕೊಮ್ಮೆ ತೂಗಿ. ತೂಕ ಹತ್ತನೆಯ ಒಂದು ಭಾಗ ಇಳಿದಿದ್ದರೆ ಉಳಿದೆಲ್ಲ ಸರಿಯಿದ್ದಂತೆ ತೋರಿದರೂ ವೈದ್ಯರಿಗೆ ತೋರಿಸಬೇಕು. ಮಲದಲ್ಲಿ ಕಂದು ಭಾಗದ ಜೊತೆಗೆ ಬಿಳಿಯ ಯುರೇಟ್ ಇರುತ್ತದೆ. ಅದು ಮೂತ್ರದ ಬದಲಿಗೆ ಹೊರಬರುವ ಯೂರಿಕ್ ಆಮ್ಲ. ಅದು ಹಳದಿ ಅಥವಾ ಕಿತ್ತಳೆ ಬಣ್ಣಕ್ಕೆ ತಿರುಗಿ ಸುಣ್ಣದ ಹರಳಿನಂತೆ ಗಟ್ಟಿಯಾಗಿದ್ದರೆ ದೇಹದಲ್ಲಿ ನೀರು ಕಡಿಮೆಯಾಗಿದೆ ಎಂದರ್ಥ. ಬಹುಕಾಲ ಹೀಗೇ ಇದ್ದರೆ ಮೂತ್ರಪಿಂಡ ಕೆಡುತ್ತದೆ, ಕೀಲುಗಳಲ್ಲಿ ಯೂರಿಕ್ ಆಮ್ಲ ಸೇರುತ್ತದೆ.

ಲಕ್ಷಣದಿಂದ ರೋಗದ ಕಡೆಗೆ

ಪೆಟ್ಟಿಗೆಯ ಅಳತೆಗಳನ್ನು ಸರಿಪಡಿಸಿದ ಕೆಲವು ದಿನಗಳಲ್ಲಿ ಪ್ರಾಣಿ ಚೇತರಿಸಿಕೊಳ್ಳದಿದ್ದರೆ ರೋಗವನ್ನು ಹುಡುಕಬೇಕು. ಮೊದಲು ಶಂಕಿಸಬೇಕಾದದ್ದು ಮೂಳೆಯ ಕ್ಯಾಲ್ಸಿಯಂ ಕೊರತೆ. ಸಾಕುವ ಕ್ರಮದ ತಪ್ಪಿನಿಂದ ಬರುವ ರೋಗಗಳಲ್ಲಿ ಇದೇ ದೊಡ್ಡದು. ಯುವಿಬಿ ಚರ್ಮದಲ್ಲಿ ವಿಟಮಿನ್ ಡಿ3 ತಯಾರಿಸುತ್ತದೆ, ಆ ಕ್ರಿಯೆಗೆ ಶಾಖವೂ ಬೇಕು. ಡಿ3 ಇಲ್ಲದೆ ಕರುಳು ಕ್ಯಾಲ್ಸಿಯಂ ಹೀರಿಕೊಳ್ಳಲಾರದು. ಇನ್ನೊಂದೆಡೆ ಆಹಾರವಾಗಿ ಕೊಡುವ ಕ್ರಿಕೆಟ್ ಹುಳು, ಸೂಪರ್‌ವರ್ಮ್‌ಗಳಲ್ಲಿ ರಂಜಕ ಹೆಚ್ಚು, ಕ್ಯಾಲ್ಸಿಯಂ ಕಡಿಮೆ. ರಕ್ತದಲ್ಲಿ ಕ್ಯಾಲ್ಸಿಯಂ ತಗ್ಗಿದಾಗ ದೇಹ ಅದನ್ನು ಮೂಳೆಯಿಂದ ಎಳೆದು ತೆಗೆಯುತ್ತದೆ. ಆರಂಭದಲ್ಲಿ ಬೆರಳ ತುದಿಗಳು ಅದುರುತ್ತವೆ, ನಡೆಯುವಾಗ ಹೊಟ್ಟೆ ನೆಲಕ್ಕೆ ತಾಗುತ್ತದೆ. ಮುಂದೆ ದವಡೆ ಮೆತ್ತಗಾಗಿ ಹುಳುವನ್ನು ಹಿಡಿದು ಬಿಟ್ಟುಬಿಡುತ್ತದೆ, ಕಾಲು ಊದಿದಂತೆ ದಪ್ಪವಾಗುತ್ತದೆ, ಬೆನ್ನು ಡೊಂಕಾಗುತ್ತದೆ. ಕರುಳಿನ ಸ್ನಾಯುವಿಗೂ ಕ್ಯಾಲ್ಸಿಯಂ ಬೇಕಾದ್ದರಿಂದ ಮಲಬದ್ಧತೆಯೂ ಜೊತೆಗೂಡುತ್ತದೆ. ಆದ್ದರಿಂದ ಮರಳು ನುಂಗಿ ಹೊಟ್ಟೆ ಕಟ್ಟಿದೆ ಎಂದು ಭಾವಿಸಿದ ಪ್ರಾಣಿಯಲ್ಲಿ ಮೂಲ ದೋಷ ಮೂಳೆಯದೇ ಆಗಿರಬಹುದು. ಇಂತಹ ಪ್ರಾಣಿಯನ್ನು ಎತ್ತುವಾಗ ಇಡೀ ಮೈಗೆ ಅಂಗೈಯ ಆಸರೆ ಕೊಡಿ, ದವಡೆಯನ್ನು ಒತ್ತಿ ಪರೀಕ್ಷಿಸಬೇಡಿ. ಸಣ್ಣ ಒತ್ತಡಕ್ಕೂ ಮೂಳೆ ಮುರಿಯುತ್ತದೆ. ಎಕ್ಸ್-ರೇ ಮತ್ತು ರಕ್ತದ ಕ್ಯಾಲ್ಸಿಯಂ ನೋಡಿ ಕ್ಯಾಲ್ಸಿಯಂ, ಡಿ3ಗಳ ಪ್ರಮಾಣವನ್ನು ವೈದ್ಯರು ನಿರ್ಧರಿಸಬೇಕು. ಡಿ3 ಅತಿಯಾದರೂ ಅಪಾಯವೇ: ಮೂಳೆಗೆ ಸೇರಬೇಕಾದ ಕ್ಯಾಲ್ಸಿಯಂ ಮೂತ್ರಪಿಂಡ, ರಕ್ತನಾಳಗಳಲ್ಲಿ ಗಟ್ಟಿಯಾಗುತ್ತದೆ.

ಹೊಟ್ಟೆಯ ಪರಾವಲಂಬಿಗಳಲ್ಲಿ ಕಾಕ್ಸಿಡಿಯಾ (ಕರುಳಿನ ಏಕಕೋಶ ಜೀವಿ) ಮತ್ತು ಪಿನ್‌ವರ್ಮ್ (ಸಣ್ಣ ಜಂತುಹುಳು) ಸಾಮಾನ್ಯ. ಗಬ್ಬುನಾತದ ತೆಳು ಮಲ, ತಿಂದರೂ ಏರದ ತೂಕ ಇವುಗಳ ಸೂಚನೆ. ಪಿನ್‌ವರ್ಮ್ ಅಲ್ಪ ಸಂಖ್ಯೆಯಲ್ಲಿ ಆರೋಗ್ಯವಂತ ಪ್ರಾಣಿಯಲ್ಲೂ ಇರುವುದರಿಂದ, ಸೂಕ್ಷ್ಮದರ್ಶಕದಲ್ಲಿ ಎಣಿಸಿ ನೋಡದೆ ಜಂತುನಾಶಕ ಕೊಡುವುದು ಸರಿಯಲ್ಲ. ಚರ್ಮದ ಮೇಲೆ ಹಳದಿ ಹಕ್ಕಳೆ ಎದ್ದು ಪೊರೆ ಬಿಟ್ಟ ಮೇಲೂ ಹರಡುತ್ತಿದ್ದರೆ ನ್ಯಾನಿಜಿಯಾಪ್ಸಿಸ್ ಶಿಲೀಂಧ್ರವನ್ನು ಶಂಕಿಸಬೇಕು. ಅದಕ್ಕೆ ಆಂಟಿಬಯಾಟಿಕ್ ಉಪಯೋಗಕ್ಕೆ ಬಾರದು, ಚರ್ಮದ ತುಣುಕಿನ ಪರೀಕ್ಷೆ ಬೇಕು. ಗಂಡಿನ ಸಂಪರ್ಕವೇ ಇಲ್ಲದ ಹೆಣ್ಣೂ ಮೊಟ್ಟೆ ಇಡುತ್ತದೆ, ಆದ್ದರಿಂದ ಒಂಟಿ ಪ್ರಾಣಿ ಎಂಬ ಕಾರಣಕ್ಕೆ ಮೊಟ್ಟೆ ಸಿಕ್ಕಿಕೊಂಡಿರುವ ಸಾಧ್ಯತೆಯನ್ನು ಬಿಡಬಾರದು. ಒಂದು ಪಕ್ಕಕ್ಕೆ ತಲೆ ತಿರುಚುವುದು, ಆಕಾಶ ನೋಡುವಂತೆ ಕತ್ತೆತ್ತುವುದು, ಬೆಳವಣಿಗೆ ಕುಂಠಿತವಾಗುವುದು ಅಡೆನೊವೈರಸ್‌ನಿಂದಲೂ ಆಗಬಹುದು. ಅದನ್ನು ಪಿಸಿಆರ್ ಪರೀಕ್ಷೆಯಿಂದ ಗುರುತಿಸುತ್ತಾರೆ. ಆ ವೈರಸ್ಸನ್ನೇ ಕೊಲ್ಲುವ ಔಷಧವಿಲ್ಲ.

ಚಳಿಗಾಲದ ನಿದ್ದೆಯನ್ನು ರೋಗದಿಂದ ಬೇರ್ಪಡಿಸುವುದು ಕಷ್ಟ. ಒಂದು ವರ್ಷ ದಾಟಿದ ಆರೋಗ್ಯವಂತ ಪ್ರಾಣಿ ಚಳಿಗಾಲದಲ್ಲಿ ವಾರಗಟ್ಟಲೆ ಮಲಗಬಹುದು, ಆದರೆ ಅದರ ತೂಕ ಹೆಚ್ಚೇನೂ ಇಳಿಯುವುದಿಲ್ಲ. ತೂಕ ಇಳಿಯುತ್ತಿದ್ದರೆ, ಅಥವಾ ಪ್ರಾಣಿ ಇನ್ನೂ ಮರಿಯಾಗಿದ್ದರೆ, ಅದನ್ನು ನಿದ್ದೆ ಎಂದು ಸುಮ್ಮನಿರಬಾರದು.

ವೈದ್ಯರ ಬಳಿ

ನಮ್ಮ ಭಾಗದ ಪಶುವೈದ್ಯರ ದಿನದ ಕೆಲಸ ಹಸು, ಎಮ್ಮೆ, ಕುರಿ, ಮೇಕೆ, ನಾಯಿಗಳದ್ದು. ಸರೀಸೃಪ ಅವರ ಮೇಜಿಗೆ ಬರುವುದು ಅಪರೂಪ, ಮತ್ತು ಅದನ್ನು ಅವರ ಕೊರತೆಯೆಂದು ಭಾವಿಸಬಾರದು. ಸೂಜಿ ಚುಚ್ಚುವ ಕೈ, ಎಕ್ಸ್-ರೇ ಓದುವ ಕಣ್ಣು, ಮಲ ಪರೀಕ್ಷೆಯ ಅನುಭವ ಅವರಲ್ಲಿದೆ. ಸರೀಸೃಪಗಳ ಔಷಧ ಪ್ರಮಾಣದ ಅನುಭವ ದೂರದ ಊರಿನ ತಜ್ಞರಲ್ಲಿರುತ್ತದೆ. ಈ ಇಬ್ಬರನ್ನೂ ಫೋನಿನಲ್ಲಿ ಜೋಡಿಸುವುದೇ ಸಾಕುವವರು ಮಾಡಬಹುದಾದ ಅತ್ಯಂತ ಉಪಯುಕ್ತ ಕೆಲಸ ಎಂದು ನಾನು ತಿಳಿದಿದ್ದೇನೆ. ವಿಜಯಪುರದಿಂದ ಬೆಂಗಳೂರಿಗೆ 500 ಕಿಲೋಮೀಟರ್‌ಗೂ ಹೆಚ್ಚು ದೂರ. ನಿತ್ರಾಣಗೊಂಡ ಪ್ರಾಣಿಯನ್ನು ರಾತ್ರಿ ಬಸ್ಸಿನಲ್ಲಿ ಒಯ್ಯುವ ಬದಲು, ಸ್ಥಳೀಯ ವೈದ್ಯರಿಂದ ನೀರಿನಂಶ ಮತ್ತು ಶಾಖ ಸರಿಪಡಿಸಿಕೊಂಡು, ಗಟ್ಟಿಯಾದ ಮೇಲೆ ಬೆಂಗಳೂರಿನ ಹೆಬ್ಬಾಳದ ಪಶುವೈದ್ಯಕೀಯ ಕಾಲೇಜಿಗೋ ಪುಣೆ, ಮುಂಬಯಿಯ ತಜ್ಞರಿಗೋ ತೋರಿಸುವುದು ಲೇಸು. ಯಾರು ಸರೀಸೃಪ ನೋಡುತ್ತಾರೆ ಎಂಬ ವಿಚಾರಣೆಯನ್ನು ಪ್ರಾಣಿ ಚೆನ್ನಾಗಿರುವಾಗಲೇ ಮುಗಿಸಿಡಿ. ಖರೀದಿಯ ರಸೀದಿಯ ಪ್ರತಿ ಜೊತೆಗಿರಲಿ. ಉಡ, ನಕ್ಷತ್ರ ಆಮೆಗಳನ್ನು ಮನೆಯಲ್ಲಿಡುವುದು ವನ್ಯಜೀವಿ ಕಾಯ್ದೆಯಡಿ ಅಪರಾಧವಾದ್ದರಿಂದ, ಇದು ಯಾವ ಪ್ರಾಣಿ, ಎಲ್ಲಿಂದ ಬಂತು ಎಂದು ವೈದ್ಯರು ಕೇಳುವುದು ಸಹಜ.

ಹೋಗುವಾಗ ಒಂದು ಹಾಳೆಯಲ್ಲಿ ವಯಸ್ಸು, ಗಂಡೋ ಹೆಣ್ಣೋ, ಈವರೆಗಿನ ತೂಕಗಳು, ಮೂರು ಹೊತ್ತಿನ ಉಷ್ಣಾಂಶ, ಯುವಿಬಿ ಟ್ಯೂಬಿನ ಬಗೆ ಮತ್ತು ದಿನಾಂಕ, ಕೊನೆಯ ಸಲ ತಿಂದದ್ದು ಮತ್ತು ಮಲ ಮಾಡಿದ್ದು, ಈಗಾಗಲೇ ಕೊಟ್ಟ ಔಷಧ ಇವನ್ನು ಬರೆದುಕೊಳ್ಳಿ. ಪೆಟ್ಟಿಗೆಯ ಫೋಟೊ ಮೊಬೈಲಿನಲ್ಲಿರಲಿ. ಅದುರುವಿಕೆ, ಉಸಿರಾಟದ ಸದ್ದು ಆಸ್ಪತ್ರೆಯಲ್ಲಿ ಕಾಣದೆ ಹೋಗಬಹುದು, ಆದ್ದರಿಂದ ಮನೆಯಲ್ಲೇ ವಿಡಿಯೊ ಮಾಡಿಕೊಳ್ಳಿ. ಹೊಸ ಮಲವನ್ನು ಮುಚ್ಚಳವಿರುವ ಡಬ್ಬಿಯಲ್ಲಿ ಹಾಕಿ ಅದೇ ದಿನ ಒಯ್ಯಬೇಕು, ತಡವಾಗುವುದಾದರೆ ಮೇಲೊಂದು ಚೀಲ ಕಟ್ಟಿ ಫ್ರಿಜ್ಜಿನಲ್ಲಿಡಬೇಕು. ಪ್ರಾಣಿಯನ್ನು ಗಾಳಿ ಕಿಂಡಿಯಿರುವ ಗಟ್ಟಿ ಡಬ್ಬಿಯಲ್ಲಿ, ಕೆಳಗೆ ಟವಲ್ ಹಾಸಿ ಒಯ್ಯಿರಿ. ಚಳಿಗಾಲದಲ್ಲಿ ಬಟ್ಟೆ ಸುತ್ತಿದ ಬಿಸಿನೀರಿನ ಬಾಟಲಿ ಮಗ್ಗುಲಲ್ಲಿರಲಿ.

ಔಷಧದ ಪ್ರಮಾಣ ಅತ್ಯಂತ ಎಚ್ಚರ ಬೇಡುವ ಸಂಗತಿ. 400 ಗ್ರಾಂ ಎಂದರೆ 0.4 ಕಿಲೋ, ದಶಾಂಶದ ಚುಕ್ಕೆ ಒಂದು ಸ್ಥಾನ ಸರಿದರೆ ಹತ್ತು ಪಟ್ಟು ಔಷಧ ಒಳಗೆ ಹೋಗುತ್ತದೆ. ಪ್ರತಿ ಮಿಲಿಲೀಟರಿಗೆ 100 ಮಿಲಿಗ್ರಾಂ ಇರುವ, ದನಗಳಿಗೆಂದು ಬಂದ ಬಾಟಲಿಯಿಂದ 4 ಮಿಲಿಗ್ರಾಂ ಕೊಡಬೇಕಾದರೆ ತೆಗೆಯಬೇಕಾದದ್ದು 0.04 ಮಿಲಿಲೀಟರ್ ಮಾತ್ರ, ಅದನ್ನು ಸಾಮಾನ್ಯ ಸಿರಿಂಜಿನಲ್ಲಿ ನಿಖರವಾಗಿ ಅಳೆಯಲಾಗದು. ಆದ್ದರಿಂದ "ಡಾಕ್ಟ್ರೇ, ಇದನ್ನು ತೆಳುಮಾಡಿ ಇನ್ಸುಲಿನ್ ಸಿರಿಂಜಿನಲ್ಲಿ ಕೊಡಬಹುದೇ?" ಎಂದು ವಿನಯದಿಂದ ಕೇಳುವುದರಲ್ಲಿ ತಪ್ಪಿಲ್ಲ. ಸೆಫ್ಟಾಜಿಡಿಮ್‌ನಂತಹ ಆಂಟಿಬಯಾಟಿಕ್ ಔಷಧವನ್ನು ಸರೀಸೃಪಗಳಿಗೆ 72 ಗಂಟೆಗೊಮ್ಮೆ ಕೊಡುವುದು ರೂಢಿ, ಏಕೆಂದರೆ ಅವುಗಳ ದೇಹ ಅದನ್ನು ನಿಧಾನವಾಗಿ ಹೊರಹಾಕುತ್ತದೆ. ಮೂರು ದಿನಕ್ಕೊಂದು ಸೂಜಿ ಎಂದಾಗ ವೈದ್ಯರು ಮರೆತಿದ್ದಾರೆಂದು ತಿಳಿಯಬೇಡಿ. ಹಿಂಗಾಲಿನ ರಕ್ತ ಮೂತ್ರಪಿಂಡದ ಮೂಲಕ ಹಾದುಹೋಗುವ ವ್ಯವಸ್ಥೆ ಇವುಗಳಲ್ಲಿರುವುದರಿಂದ ಚುಚ್ಚುಮದ್ದನ್ನು ಸಾಮಾನ್ಯವಾಗಿ ಮುಂಗಾಲಿಗೆ ಕೊಡುತ್ತಾರೆ. ಜಾನುವಾರುಗಳಿಗೆ ಸಲೀಸಾಗಿ ಬಳಸುವ ಜಂತುನಾಶಕ ಐವರ್‌ಮೆಕ್ಟಿನ್ ಆಮೆಗಳಿಗೆ ಪ್ರಾಣಾಂತಿಕ. ಒಂದು ಪ್ರಾಣಿಗೆ ಒಗ್ಗಿದ ಔಷಧ ಇನ್ನೊಂದಕ್ಕೆ ಒಗ್ಗುತ್ತದೆ ಎಂಬ ಊಹೆಯಲ್ಲಿ ಮನೆಯಲ್ಲೇ ಕೊಡುವ ಧೈರ್ಯ ಬೇಡ.

ರಕ್ತ ಪರೀಕ್ಷೆ ಬೇಕೆಂದಾದರೆ ಬಾಲದ ರಕ್ತನಾಳದಿಂದ ಸ್ವಲ್ಪ ರಕ್ತ ತೆಗೆಯುತ್ತಾರೆ. ಸರೀಸೃಪಗಳ ಕೆಂಪು ರಕ್ತಕಣದಲ್ಲಿ ಕೋಶಕೇಂದ್ರ ಇರುವುದರಿಂದ ಮನುಷ್ಯರ ಲ್ಯಾಬಿನ ಯಂತ್ರ ಕಣಗಳ ಎಣಿಕೆಯಲ್ಲಿ ತಪ್ಪುತ್ತದೆ. ಗಾಜಿನ ಸ್ಲೈಡಿನ ಮೇಲೆ ರಕ್ತ ಹರಡಿ ಕಣ್ಣಿನಿಂದಲೇ ಎಣಿಸಬೇಕು ಎಂದು ಮೊದಲೇ ತಿಳಿಸಿದರೆ ದುಡ್ಡೂ ರಕ್ತವೂ ವ್ಯರ್ಥವಾಗುವುದಿಲ್ಲ.

ಮನೆಗೆ ಬಂದ ಮೇಲೆ

ಚಿಕಿತ್ಸೆ ನಡೆಯುವಷ್ಟು ದಿನವೂ ಪೆಟ್ಟಿಗೆಯ ಶಾಖ ಸರಿಯಾಗಿರಬೇಕು. ಆಹಾರವನ್ನು ಬಲವಂತವಾಗಿ ಬಾಯಿಗೆ ಹಾಕುವ ಮೊದಲು ಮೈ ಬಿಸಿಯಾಗಬೇಕು, ನೀರಿನಂಶ ಸೇರಬೇಕು. ಈ ಕ್ರಮ ತಪ್ಪಿದರೆ ಅರಗದ ಆಹಾರವೇ ಕಂಟಕವಾಗುತ್ತದೆ. ಎದೆಮಟ್ಟಕ್ಕಿಂತ ಕಡಿಮೆ ಉಗುರುಬೆಚ್ಚಗಿನ ನೀರಿನಲ್ಲಿ ಹತ್ತು ನಿಮಿಷ ನಿಲ್ಲಿಸಿದರೆ ಕೆಲವು ಪ್ರಾಣಿಗಳು ತಾವೇ ಕುಡಿಯುತ್ತವೆ. ಇಲ್ಲದಿದ್ದರೆ ಮೂತಿಯ ಮೇಲೆ ಹನಿ ಹನಿಯಾಗಿ ಬಿಡಿ. ಉಸಿರಿನ ದ್ವಾರ ನಾಲಿಗೆಯ ಬುಡದಲ್ಲೇ ತೆರೆದುಕೊಂಡಿರುವುದರಿಂದ ಸಿರಿಂಜಿನಿಂದ ರಭಸವಾಗಿ ಹಾಕಿದ ದ್ರವ ಶ್ವಾಸಕೋಶಕ್ಕೆ ಇಳಿಯುತ್ತದೆ.

ಆರೋಗ್ಯವಂತ ಪ್ರಾಣಿಯ ಮಲದಲ್ಲೂ ಮನುಷ್ಯರಿಗೆ ಭೇದಿ ತರುವ ಸಾಲ್ಮೊನೆಲ್ಲಾ ಬ್ಯಾಕ್ಟೀರಿಯಾ ಇರಬಹುದು. ಸ್ನಾನದ ತಟ್ಟೆ, ಬಟ್ಟಲುಗಳನ್ನು ಅಡುಗೆಮನೆಯ ಸಿಂಕಿನಲ್ಲಿ ತೊಳೆಯಬಾರದು, ಮುಟ್ಟಿದ ಪ್ರತಿಸಲ ಸಾಬೂನಿನಿಂದ ಕೈ ತೊಳೆಯಬೇಕು. ಐದು ವರ್ಷದೊಳಗಿನ ಮಕ್ಕಳು, ಬಸುರಿಯರು, ಮನೆಯ ಹಿರಿಯರು ಆರೈಕೆಯ ಈ ಕೆಲಸದಿಂದ ದೂರವಿರಲಿ. ಕಾಕ್ಸಿಡಿಯಾಕ್ಕೆ ಔಷಧ ನಡೆಯುತ್ತಿದ್ದರೆ ಹಾಸಿದ ಕಾಗದವನ್ನು ದಿನವೂ ಬದಲಿಸಿ, ಮಲವನ್ನು ಕಂಡ ಕೂಡಲೇ ತೆಗೆಯಿರಿ. ಅದರ ಅಂಡಗಳು ಸಾಮಾನ್ಯ ಫಿನಾಯಿಲ್‌ಗೆ ಜಗ್ಗುವುದಿಲ್ಲ, ಕುದಿಯುವ ನೀರು ಅಥವಾ ಹಬೆ ಬೇಕು. ಔಷಧ ಮುಗಿದ ಮೇಲೆ ಮತ್ತೊಮ್ಮೆ ಮಲ ಪರೀಕ್ಷೆ ಮಾಡಿಸದೆ ಚಿಕಿತ್ಸೆ ಮುಗಿಯಿತೆಂದು ಭಾವಿಸಬೇಡಿ.

ಮನೆಯಲ್ಲಿ ಇನ್ನೊಂದು ಡ್ರ್ಯಾಗನ್ ಇದ್ದರೆ ರೋಗಿಯನ್ನು ಬೇರೆ ಕೋಣೆಗೆ ಸರಿಸಿ, ಮೊದಲು ಆರೋಗ್ಯವಂತನ ಕೆಲಸ ಮುಗಿಸಿ ಆಮೇಲೆ ರೋಗಿಯ ಕಡೆಗೆ ಹೋಗಿ. ಎಲ್ಲ ಪ್ರಯತ್ನದ ನಂತರವೂ ಪ್ರಾಣಿ ಉಳಿಯದಿದ್ದರೆ, ಇನ್ನೊಂದನ್ನು ಉಳಿಸಿಕೊಳ್ಳುವ ಸಲುವಾಗಿ ಮರಣೋತ್ತರ ಪರೀಕ್ಷೆ ಮಾಡಿಸುವುದು ಯೋಗ್ಯ. ದೇಹವನ್ನು ಎರಡು ಪ್ಲಾಸ್ಟಿಕ್ ಚೀಲಗಳಲ್ಲಿ ಕಟ್ಟಿ, ಆಹಾರ ಪದಾರ್ಥಗಳಿಂದ ಬೇರೆಯಾಗಿ ಫ್ರಿಜ್ಜಿನ ಕೆಳಭಾಗದಲ್ಲಿಟ್ಟು, ಆದಷ್ಟು ಬೇಗ, ಮರುದಿನದೊಳಗೆ ತಲುಪಿಸಬೇಕು. ಫ್ರೀಜರಿನಲ್ಲಿ ಇಡಬಾರದು, ಏಕೆಂದರೆ ಹೆಪ್ಪುಗಟ್ಟಿದ ಅಂಗಾಂಶದ ಜೀವಕೋಶಗಳು ಒಡೆದು ಸೂಕ್ಷ್ಮದರ್ಶಕದಲ್ಲಿ ರೋಗದ ಗುರುತು ಸಿಗುವುದಿಲ್ಲ.